ಸುರಪುರ ಸೀಮೆಯ ತಳವಾರಿಕೆಯೂ ಇಂದಿನ ಪೊಲೀಸು ವ್ಯವಸ್ಥೆಯೂ

ಸುರಪುರವೆಂದೊಡನೆ 1858ರ ಬಂಡಾಯವೂ ರಾಜಾ ವೆಂಕಟಪ್ಪನಾಯಕನೂ ನೆನಪಿಗೆ ಬರುವುದು ಸಹಜ. ಆ ಸೀಮೆಯ ಕಾವಲಿನ ಚರಿತ್ರೆಯೂ ಅಷ್ಟೇ ವಿಚಾರಾರ್ಹವಾದುದು. ಸಂಸ್ಥಾನದ ಕಾಲದಲ್ಲಿ ಗ್ರಾಮರಕ್ಷಣೆಯ ಹೊಣೆ ತಳವಾರನದು. ಬಹುಮಟ್ಟಿಗೆ ಬೇಡ ಸಮುದಾಯದವನಾದ ಆತನು ಉಂಬಳಿಯ ಭೂಮಿಯನ್ನುಂಡು ಊರೊಳಗೇ ಬಾಳುತ್ತಿದ್ದನು. ಕಳವಾದರೆ ಊರವರಿಗೆ ಉತ್ತರ ಹೇಳಬೇಕಾಗಿದ್ದಿತು. ಈ ಪದ್ಧತಿಯಲ್ಲಿ ಜಾತಿಯ ಕಟ್ಟೂ ಬಲವಂತರ ದರ್ಪವೂ ಇದ್ದುವೆಂಬುದನ್ನು ಮರೆಯಲಾಗದು.

1860ರಲ್ಲಿ ಸೀಮೆಯು ನಿಜಾಮನಿಗೆ ಸೇರಿತು. ಸಾಲಾರ್ ಜಂಗನ 1865ರ ಜಿಲ್ಲಾಬಂದಿಯ ತರುವಾಯ ಕಾವಲಿನ ಅಧಿಕಾರವು ಕ್ರಮೇಣ ಜಿಲ್ಲಾ ಪೊಲೀಸಿನ ಕೈಸೇರಿತು. ಕಾವಲುಗಾರನು ಊರಿಗಿಂತ ಮೇಲಧಿಕಾರಿಗೇ ಉತ್ತರವಾದಿಯಾದನು. 1956ರ ಏಕೀಕರಣವಾಗಲಿ, ಯಾದಗಿರಿ, ಶಹಾಪುರ, ಸುರಪುರಗಳು 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದುದಾಗಲಿ ಈ ಕ್ರಮವನ್ನು ಬುಡದಿಂದ ಬದಲಿಸಲಿಲ್ಲ.

ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸಲು ಜಿಲ್ಲೆಗೊಂದು ಪ್ರಾಧಿಕಾರವಿರಬೇಕೆಂದು 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಕಾಶ ಸಿಂಗ್ ಮೊಕದ್ದಮೆಯಲ್ಲಿ ವಿಧಿಸಿತು. ಕರ್ನಾಟಕವು ಪೊಲೀಸು ಕಾಯಿದೆಯ 2012ರ ತಿದ್ದುಪಡಿಯಿಂದ ಅದಕ್ಕೆ ಎಡೆಮಾಡಿತು. ಜಿಲ್ಲೆಯ ಅಧಿಕಾರಿಗಳು ಈ ಪ್ರಾಧಿಕಾರದ ಬಾಗಿಲು ಹಳ್ಳಿಗನಿಗೂ ಎಟಕುವಂತೆ ಮಾಡಬೇಕು. ಅದರ ತೀರ್ಮಾನಗಳನ್ನು ಗ್ರಾಮಸಭೆಗಳಲ್ಲಿ ಓದಿಸಬೇಕು. ತಳವಾರಿಕೆಯು ಮರಳಿ ಬರಬೇಕಾಗಿಲ್ಲ. ಕಾಯುವವನು ಕಾಯಿಸಿಕೊಳ್ಳುವವರಿಗೆ ಉತ್ತರ ಹೇಳಬೇಕೆಂಬ ಅದರ ಕಟ್ಟಳೆಯನ್ನು ಮಾತ್ರ ಉಳಿಸಿಕೊಳ್ಳಬೇಕಾಗಿದೆ.