999 ಡಾಲರಿನ ಕನ್ನಡಿ

ಕ್ಯಾಮೆರಾ ಕಂಪನಿಗಳು ತಮ್ಮ ಸರಕನ್ನ ಮೂರು ಮೆಟ್ಟಿಲಲ್ಲಿ ಜೋಡಿಸಿ ಇಡ್ತಾವೆ. ಕೆಳಗಿನ ಮೆಟ್ಟಿಲು ಹೊಸದಾಗಿ ಕಲಿಯೋರಿಗೆ. ಮೇಲಿನದು ಇದನ್ನೇ ನಂಬಿ ಹೊಟ್ಟೆ ಹೊರೆಯೋರಿಗೆ. ನಡುವಿನದು ನಮ್ಮಂಥೋರಿಗೆ: ಆಸೆ ಮೇಲಿನದು, ಜೇಬು ಕೆಳಗಿನದು! ಮಧ್ಯಮ ವರ್ಗ ಅನ್ನೋದು ಕ್ಯಾಮೆರಾ ಲೋಕದಲ್ಲೂ ಇದೆ ನೋಡಿ. ಆ ನಡು ಮೆಟ್ಟಿಲಲ್ಲಿ ಕೂತಿದ್ದ ನಿಕಾನ್ ಡಿ90 ಅನ್ನೋ ಕ್ಯಾಮೆರಾದ ಗುಣ-ದೋಷಗಳ ಬಗ್ಗೆ ಇವತ್ತು ಒಂದಿಷ್ಟು ಬರೀಬೇಕು ಅನ್ನಿಸ್ತು. ನನ್ನ ಹತ್ತಿರ ಇರೋದೂ ಅದೇ. ಅದಕ್ಕಿಂತ ಮುಖ್ಯವಾದ ಕಾರಣ ಅಂದ್ರೆ, ಅವತ್ತು ಗುಣ ಅಂತ ಹೊಗಳಿಸಿಕೊಂಡಿದ್ದು, ದೋಷ ಅಂತ ಬೈಸಿಕೊಂಡಿದ್ದು ಎರಡೂ ಆಮೇಲೆ ಅದಲು ಬದಲಾದ ಕಥೆ ಅದರಲ್ಲಿದೆ.

ಮೊದಲಿಗೆ ಈ ನಡು ಮೆಟ್ಟಿಲೇ ಇರಲಿಲ್ಲ. 1991ರಲ್ಲಿ ಕೊಡ್ಯಾಕ್ ಕಂಪನಿ ನಿಕಾನ್ ಎಫ್3 ಅನ್ನೋ ಫಿಲಂ ಕ್ಯಾಮೆರಾದ ಬೆನ್ನಿಗೆ ತನ್ನ ಸೆನ್ಸರ್ ಕಟ್ಟಿ ಮಾರಾಟಕ್ಕೆ ತಂತು. ಬರೀ 1.3 ಮೆಗಾಪಿಕ್ಸೆಲ್. ಚಿತ್ರ ಉಳಿಸೋ ಡಿಸ್ಕಿನ ಪೆಟ್ಟಿಗೆಯನ್ನ ಹೆಗಲಿಗೆ ಬೇರೆ ನೇತು ಹಾಕ್ಕೊಂಡು ಓಡಾಡಬೇಕಿತ್ತು. ಬೆಲೆ ಸುಮಾರು 20 ಸಾವಿರ ಡಾಲರ್! ಪತ್ರಿಕೆಗಳ ದೊಡ್ಡ ಸಂಸ್ಥೆಗಳನ್ನ ಬಿಟ್ಟರೆ ಇನ್ಯಾರಿಗೆ ಬೇಕಿತ್ತು ಈ ಉಸಾಬರಿ? 1999ರಲ್ಲಿ ನಿಕಾನ್ ಪೂರ್ತಿ ತಾನೇ ರೂಪಿಸಿದ ಡಿ1 ಬಂತು, 2.7 ಮೆಗಾಪಿಕ್ಸೆಲ್, ಅದೂ 5 ಸಾವಿರ ಡಾಲರಿನ ಆಸುಪಾಸು. ಬಾಗಿಲು ನಿಜವಾಗಿ ತೆರೆದಿದ್ದು 2003ರಲ್ಲಿ, ಕ್ಯಾನನ್ ತನ್ನ 300ಡಿ ಕ್ಯಾಮೆರಾದ ಬಾಡಿಯನ್ನ 899 ಡಾಲರಿಗೆ ಇಟ್ಟಾಗ.

ನಿಕಾನ್ ಉತ್ತರ ಕೊಟ್ಟಿದ್ದು 2004ರಲ್ಲಿ. ಡಿ70, 6.1 ಮೆಗಾಪಿಕ್ಸೆಲ್, ಬಾಡಿಗೆ 999 ಡಾಲರ್. 2006ರಲ್ಲಿ ಡಿ80 ಬಂತು, 10.2 ಮೆಗಾಪಿಕ್ಸೆಲ್, ಬೆಲೆ ಮತ್ತದೇ 999. 2008ರ ಡಿ90 ಹೊತ್ತಿಗೆ 12.3 ಮೆಗಾಪಿಕ್ಸೆಲ್, ಬೆಲೆ ಅಷ್ಟೇ. ಬಾಟಾ ಚಪ್ಪಲಿ ಬೆಲೆಯ ಹಾಗೆ ಒಂದು ರೂಪಾಯಿ ಕಮ್ಮಿ ಮಾಡಿ ಸಾವಿರವನ್ನ ಸಾವಿರ ಅಲ್ಲ ಅಂತ ಅನ್ನಿಸೋ ಉಪಾಯ ಇದು. ಆದರೂ ಡಾಲರಿಗೆ ಅಂಟಿಕೊಂಡ ಈ ಗೆರೆ ಗಮನಿಸಬೇಕಾದ್ದು. "ಬರೋವಾಗ ಒಂದು ಕ್ಯಾಮೆರಾ ತಗೊಂಡ್ ಬಾರೋ, ಅಲ್ಲಿ ಸೋವಿ ಅಂತೆ" ಅಂತ ಊರಿಂದ ಫೋನ್ ಬಂದಾಗ ಹೊರದೇಶದಲ್ಲಿರೋ ನಮ್ಮವರು ಹುಡುಕ್ತಾ ಇದ್ದದ್ದು ಹೆಚ್ಚು ಕಮ್ಮಿ ಈ ಗೆರೆಯ ಹತ್ತಿರದ ಮಾಲನ್ನೇ.

ಹಾಗಾದ್ರೆ ಡಿ90ಯಲ್ಲಿ ಒಳ್ಳೇದು ಏನಿತ್ತು? ಒಂದು ವರ್ಷ ಮುಂಚೆ, 2007ರಲ್ಲಿ, ಡಿ300 ಅನ್ನೋ ಮೇಲಿನ ಮೆಟ್ಟಿಲಿನ ಕ್ಯಾಮೆರಾ 1,799 ಡಾಲರಿಗೆ ಬಂದಿತ್ತು. ಚಿತ್ರದ ಗುಣಮಟ್ಟದಲ್ಲಿ ಡಿ90 ಅದರ ಸಮಕ್ಕೆ ನಿಲ್ತಿತ್ತು. ಕಮ್ಮಿ ಬೆಳಕಲ್ಲಂತೂ ಹಿಂದಿನ ಡಿ80ಗಿಂತ ಸ್ಪಷ್ಟವಾಗಿ ಮುಂದು. ದೀಪಾವಳಿಯ ಹಣತೆಯನ್ನ ಫ್ಲಾಶ್ ಹಾಕಿ ಕೆಡಿಸದೆ ತೆಗೀಬಹುದಿತ್ತು. ಹಿಂದುಗಡೆ 3 ಇಂಚಿನ, 9.2 ಲಕ್ಷ ಚುಕ್ಕಿಗಳ ಪರದೆ. ಎರಡು ಬೆರಳಿಗೆ ಎರಡು ಡಯಲ್. ಕಣ್ಣಿಟ್ಟು ನೋಡೋ ಕಿಂಡಿಯಲ್ಲಿ ಅಗ್ಗದ ಕನ್ನಡಿಗಳ ಬದಲು ನಿಜವಾದ ಗಾಜಿನ ಪ್ರಿಸಂ. ಕಂಪನಿಯ ಲೆಕ್ಕದ ಪ್ರಕಾರ ಒಂದು ಚಾರ್ಜಿಗೆ 850 ಚಿತ್ರ. ಇನ್ನೊಂದು ಗುಣ ಜಾಹೀರಾತಿನಲ್ಲಿ ಮೆರೆಯೋ ಅಂಥದ್ದಲ್ಲ: ಬಾಡಿಯ ಒಳಗೇ ಒಂದು ಫೋಕಸ್ ಮೋಟಾರು. ಅದರಿಂದ ಫಿಲಂ ಕಾಲದ ಆಟೋಫೋಕಸ್ ಲೆನ್ಸುಗಳೂ ಇದರ ಮೇಲೆ ತಾವಾಗೇ ಫೋಕಸ್ ಆಗ್ತಿದ್ವು. ಕೆಳಗಿನ ಮೆಟ್ಟಿಲಿನ ಡಿ40, ಡಿ60ಗೆ ಈ ಭಾಗ್ಯ ಇರಲಿಲ್ಲ.

ಇನ್ನು ಕೊರತೆಗಳು. ಡಿ300ಯಲ್ಲಿ ಫೋಕಸ್ ಹಿಡಿಯೋ ಬಿಂದುಗಳು 51, ಇದರಲ್ಲಿ 11. ಅದರದ್ದು ಮೆಗ್ನೀಸಿಯಂ ಮೈ, ಧೂಳು-ತೇವಕ್ಕೆ ತಡೆ. ಇದರದ್ದು ಪ್ಲಾಸ್ಟಿಕ್, ಮಳೆ ಬಂದ್ರೆ ಕ್ಯಾಮೆರಾಕ್ಕೇ ಕೊಡೆ ಹಿಡೀಬೇಕು. ಕಿಂಡಿಯಲ್ಲಿ ಕಾಣೋದು ಚಿತ್ರದ 96% ಮಾತ್ರ. ಚೌಕಟ್ಟಿನ ಅಂಚಲ್ಲಿ ಕಾಣದೆ ಇದ್ದ ಯಾರದ್ದೋ ಮೊಣಕೈ ಮನೆಗೆ ಬಂದ ಮೇಲೆ ಕಂಪ್ಯೂಟರಲ್ಲಿ ಪ್ರತ್ಯಕ್ಷ :-) ಆಟೋಫೋಕಸ್ಸಿಗೂ ಹಿಂದಿನ, ಕೈಯಿಂದ ತಿರುಗಿಸೋ ನಿಕಾನ್ ಲೆನ್ಸುಗಳನ್ನ ಹಾಕಿದ್ರೆ ಬೆಳಕನ್ನ ಅಳೆಯೋ ಮೀಟರ್ ಕೆಲಸವೇ ಮಾಡಲ್ಲ. ಇದರಲ್ಲಿ ಕೆಲವು ಖರ್ಚಿನ ಕಾರಣಕ್ಕೆ ಬಿಟ್ಟಿದ್ದು ಇರಬಹುದು. ಆದ್ರೆ ನನಗೆ ಇವು ಹೊಲದ ಬೇಲಿಯ ಥರಾನೇ ಕಾಣ್ತಾವೆ. "ಇದು ಬೇಕಾ? ಹಾಗಾದ್ರೆ ಇನ್ನು 800 ಡಾಲರ್ ಬಿಚ್ಚು, ಮೇಲಿನ ಮೆಟ್ಟಿಲಿಗೆ ಬಾ" ಅಂತ ಕರೆಯೋ ಬೇಲಿ. ಮಧ್ಯಮ ವರ್ಗದ ಮಾಲಿನಲ್ಲಿ ಏನು ಇದೆ ಅನ್ನೋದರಷ್ಟೇ ಯೋಚನೆ ಮಾಡಿ ಏನು ಇರಬಾರದು ಅನ್ನೋದನ್ನೂ ಗೊತ್ತು ಮಾಡಿರ್ತಾರೆ.

ಈಗ ಅಸಲಿ ವಿಷಯಕ್ಕೆ ಬರೋಣ. 2008ರ ಆಗಸ್ಟ್ 27ರಂದು ಡಿ90 ಪ್ರಕಟವಾದಾಗ ಅದರ ಜೊತೆ ಒಂದು ಹೊಸ ಬಿರುದೂ ಬಂತು: ವಿಡಿಯೋ ತೆಗೆಯೋ ಮೊಟ್ಟಮೊದಲ ಡಿಎಸ್ಎಲ್ಆರ್. 1280 ಗುಣಿಸು 720, ಸಿನಿಮಾದ ಹಾಗೆ ಸೆಕೆಂಡಿಗೆ 24 ಚೌಕಟ್ಟು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದ್ರೆ ಈ ಗುಣಮಟ್ಟದಲ್ಲಿ ಒಂದು ಸಲಕ್ಕೆ 5 ನಿಮಿಷ ಮಾತ್ರ. ಶುರು ಮಾಡಿದ ಮೇಲೆ ಆಟೋಫೋಕಸ್ ಇಲ್ಲ. ಒಂದೇ ಕಿವಿಯ ಮೈಕು, ಹೊರಗಿಂದ ಬೇರೆ ಮೈಕು ಸಿಕ್ಕಿಸೋ ತೂತೂ ಇಲ್ಲ. ಎಲ್ಲಕ್ಕಿಂತ ಮೋಜಿನದ್ದು ಅಂದ್ರೆ, ಸೆನ್ಸರ್ ಇಡೀ ಚೌಕಟ್ಟನ್ನ ಒಂದೇ ಏಟಿಗೆ ಓದದೆ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದ್ತಿತ್ತು. ಹಾಗಾಗಿ ಕ್ಯಾಮೆರಾವನ್ನ ಬೇಗ ಆಚೀಚೆ ತಿರುಗಿಸಿದ್ರೆ ಲೈಟು ಕಂಬಗಳು ಓರೆಯಾಗಿ, ಕಟ್ಟಡಗಳು ತಟ್ಟೆಯಲ್ಲಿಟ್ಟ ಗಿಣ್ಣಿನ ಥರ ಅಲುಗಾಡ್ತಿದ್ವು! ಫೋಟೋ ತೆಗೆಯೋ ಕ್ಯಾಮೆರಾಕ್ಕೆ ಇದೆಲ್ಲಾ ಬೇಡದ ಗಿಮಿಕ್ಕು ಅಂತ ಮೂಗು ಮುರಿದೋರು ಕಮ್ಮಿ ಏನಿರಲಿಲ್ಲ.

ಆಮೇಲಿನ ಮೂರು ವಾರ ನೋಡಿ. ಸೆಪ್ಟೆಂಬರ್ 12ಕ್ಕೆ ಪ್ಯಾನಸೋನಿಕ್ ತನ್ನ ಜಿ1 ಪ್ರಕಟಿಸ್ತು. ಲೆನ್ಸ್ ಬದಲಾಯಿಸಬಹುದು, ಆದ್ರೆ ಒಳಗೆ ಕನ್ನಡಿಯೇ ಇಲ್ಲ. ಇವತ್ತು ಮಿರರ್‌ಲೆಸ್ ಅಂತ ಕರೆಯೋ ಸಂತತಿಗೆ ಅದೇ ಮೂಲಪುರುಷ. ಸೆಪ್ಟೆಂಬರ್ 15ಕ್ಕೆ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕ್ತು. ಅದು ಕ್ಯಾಮೆರಾ ಸುದ್ದಿ ಅಲ್ಲ ನಿಜ, ಆದ್ರೆ 999 ಡಾಲರ್ ಅನ್ನೋ ಅಂಕಿಗೆ ರಾತ್ರೋರಾತ್ರಿ ತೂಕ ಹೆಚ್ಚಿಸಿದ ಸುದ್ದಿ. ಸೆಪ್ಟೆಂಬರ್ 17ಕ್ಕೆ ಕ್ಯಾನನ್ 5ಡಿ ಮಾರ್ಕ್ 2, ಪೂರ್ತಿ 1080 ಸಾಲಿನ ವಿಡಿಯೋ ಜೊತೆಗೆ. 2010ರಲ್ಲಿ ಅಮೆರಿಕದ 'ಹೌಸ್' ಧಾರಾವಾಹಿಯ ಆ ವರ್ಷದ ಕೊನೇ ಕಂತನ್ನ ಅದರಲ್ಲೇ ಚಿತ್ರೀಕರಿಸಿದ್ರು. ಮೊದಲು ಬಂದ ಡಿ90, ಮೂರೇ ವಾರದಲ್ಲಿ ವಿಡಿಯೋ ವಿಷಯದಲ್ಲಿ ಹಳೇದಾಗಿ ಹೋಯ್ತು.

ಆದ್ರೆ ಡಿ90ಯಲ್ಲಿ ವಿಡಿಯೋ ತೆಗೆಯೋವಾಗ ಒಳಗೆ ಏನಾಗ್ತಿತ್ತು ಅಂತ ಯೋಚನೆ ಮಾಡಿದ್ದೀರಾ? ಡಿಎಸ್ಎಲ್ಆರ್‌ನ ಜೀವಾಳವೇ ಒಳಗಿನ ಕನ್ನಡಿ. ಲೆನ್ಸಿಂದ ಬಂದ ಬೆಳಕನ್ನ ಅದು ಮೇಲಕ್ಕೆ, ನಮ್ಮ ಕಣ್ಣಿಗೆ ತಿರುಗಿಸುತ್ತೆ. ಚಿತ್ರ ತೆಗೆಯೋ ಕ್ಷಣದಲ್ಲಿ ಮಾತ್ರ ಟಪ್ ಅಂತ ಎದ್ದು ದಾರಿ ಬಿಡುತ್ತೆ. ವಿಡಿಯೋಗೆ ಸೆನ್ಸರಿನ ಮೇಲೆ ಬೆಳಕು ಸದಾ ಬೀಳ್ತಾನೇ ಇರಬೇಕು, ಹಾಗಾಗಿ ಕನ್ನಡಿ ಎದ್ದೇ ನಿಂತಿರಬೇಕು. ಕಿಂಡಿ ಕತ್ತಲು, ನೋಡೋದೆಲ್ಲಾ ಹಿಂದಿನ ಪರದೆಯಲ್ಲಿ. ಅಂದ್ರೆ ಆ 5 ನಿಮಿಷ ಡಿ90 ತಾನೇ ಒಂದು ಮಿರರ್‌ಲೆಸ್ ಕ್ಯಾಮೆರಾ ಆಗಿರ್ತಿತ್ತು. ಕನ್ನಡಿ ಇಲ್ಲದೇನೂ ಬದುಕಬಹುದು ಅಂತ ಕನ್ನಡಿಯ ಕ್ಯಾಮೆರಾವೇ ತೋರಿಸಿಕೊಟ್ಟ ಹಾಗಾಯ್ತು, ಅದೂ ಅರೆಬೆಂದ ರೀತಿಯಲ್ಲಿ, ಗಿಣ್ಣಿನ ಥರ ಅಲುಗಾಡ್ತಾ!

ಮುಂದಿನದು ನಿಮಗೆ ಗೊತ್ತಿರೋದೇ. 2010ರ ಡಿ7000 ವಿಡಿಯೋದ ಕೊರತೆಗಳಲ್ಲಿ ಹಲವನ್ನ ತುಂಬಿಸ್ತು, ಕಿಂಡಿಯನ್ನ 100% ಮಾಡ್ತು, ಬೆಲೆ 1,199ಕ್ಕೆ ಏರಿ ಆ ಹಳೇ ಗೆರೆ ಅಳಿಸಿ ಹೋಯ್ತು. 2018ರಲ್ಲಿ ನಿಕಾನ್ ತನ್ನ ಝಡ್ ಸಾಲಿನ ಮಿರರ್‌ಲೆಸ್ ಕ್ಯಾಮೆರಾಗಳನ್ನ ಶುರು ಮಾಡ್ತು. 2020ರ ಡಿ780, ಡಿ6 ಆದ ಮೇಲೆ ಅದರಿಂದ ಹೊಸ ಡಿಎಸ್ಎಲ್ಆರ್ ಬಂದಿಲ್ಲ. ಗಾಜಿನ ಪ್ರಿಸಂ, ಕನ್ನಡಿ, ಟಪ್ ಅನ್ನೋ ಸದ್ದು, ಇವೆಲ್ಲಾ 2008ರಲ್ಲಿ ಡಿ90ಯ ಗುಣಗಳ ಪಟ್ಟಿಯಲ್ಲಿದ್ದವು. ವಿಡಿಯೋ ಇದ್ದದ್ದು ನಗೆಪಾಟಲಿನ ಪಟ್ಟಿಯಲ್ಲಿ. ಗೆದ್ದಿದ್ದು ಎರಡನೇ ಪಟ್ಟಿ.

ಹಾಗಂತ ಮೊದಲ ಪಟ್ಟಿ ಪೂರ್ತಿ ಸೋತಿಲ್ಲ. ನೂರು ಚಿಲ್ಲರೆ ಡಾಲರಿಗೆ ಸಿಗ್ತಿದ್ದ ನಿಕಾನಿನ 50 ಎಂಎಂ ಎಫ್1.8 ಡಿ ಲೆನ್ಸಿನ ಒಳಗೆ ಮೋಟಾರು ಇಲ್ಲ, ಬಾಡಿಯ ಮೋಟಾರೇ ಅದಕ್ಕೆ ಗತಿ. ಈಗಿನ ಝಡ್ ಕ್ಯಾಮೆರಾಗಳಿಗೆ ನಿಕಾನ್ ತಾನೇ ಮಾಡಿ ಮಾರೋ ಅಡಾಪ್ಟರಿನಲ್ಲಿ ಆ ಮೋಟಾರನ್ನ ಬಿಟ್ಟುಬಿಟ್ಟಿದ್ದಾರೆ. ಹೀಗಾಗಿ ಸಾವಿರಾರು ಡಾಲರಿನ ಹೊಸ ಕ್ಯಾಮೆರಾದ ಮೇಲೆ ಆ ಅಡಾಪ್ಟರಿನ ಮೂಲಕ ಈ ಪುಟ್ಟ ಲೆನ್ಸನ್ನ ಕೈಯಿಂದಲೇ ತಿರುಗಿಸಬೇಕು. ನನ್ನ ಹಳೇ ಡಿ90ಗೆ ಹಾಕಿದ್ರೆ ಗರ್ರ್ ಅಂತ ಒಂದು ಸಲ ಗೊಣಗಿ, ಸೀದಾ ಕಣ್ಣಿನ ರೆಪ್ಪೆಯ ಮೇಲೆ ಫೋಕಸ್ ತಂದು ನಿಲ್ಲಿಸುತ್ತೆ. ಜಾಹೀರಾತಿನಲ್ಲಿ ಯಾರೂ ದೊಡ್ಡದಾಗಿ ಹೇಳದೇ ಇದ್ದ ಗುಣ ಅದು. ನಿಮ್ಮ ಬೀರುವಿನಲ್ಲೂ ಇಂಥದ್ದೊಂದು ಜೋಡಿ ಮಲಗಿದ್ರೆ, ಮಾರೋ ಮುಂಚೆ ಒಂದು ಸಲ ಬ್ಯಾಟರಿ ಚಾರ್ಜ್ ಮಾಡಿ ನೋಡಿ.