ಅಕ್ಕಡಿ ಸಾಲಿನ ಬೇರುಗಂಟು

ರಾಗಿ ಹೊಲದಲ್ಲಿ ಆರೆಂಟು ಸಾಲಿಗೊಮ್ಮೆ ಅವರೆಯನ್ನೋ ತೊಗರಿಯನ್ನೋ ಬಿತ್ತುವ ಪದ್ಧತಿಯೇ ಅಕ್ಕಡಿ. ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ ಬಡಾವಣೆಗಳು ಏಳುವ ಮೊದಲು ಸಾರಕ್ಕಿ, ಯಡಿಯೂರು, ಬೈರಸಂದ್ರ, ಕತ್ರಿಗುಪ್ಪೆಗಳ ಖುಷ್ಕಿ ಜಮೀನು ರಾಗಿಯದೇ ಸೀಮೆ. 1800ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಮಿಶ್ರ ಬಿತ್ತನೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ರಾಗಿ ಕೂರಿಗೆಯಲ್ಲಿ ಬೀಳುತ್ತಿತ್ತು; ಅದರ ಹಿಂದೆ ಹಗ್ಗ ಕಟ್ಟಿ ಎಳೆಯುವ ಬಿದಿರು ಕೊಳವೆಯಲ್ಲಿ ಅಕ್ಕಡಿ ಕಾಳು ಬಿಡುತ್ತಿದ್ದರು. ರಾಗಿ ಕುಯ್ದ ಮೇಲೂ ಅವರೆ ಹೊಲದಲ್ಲೇ ಉಳಿದು ಚಳಿಗಾಲದಲ್ಲಿ ಕಾಯಿ ಕೊಡುತ್ತಿತ್ತು.

ಈ ಸಾಲಿನ ಬೆಲೆ ಕಾಳಿನಲ್ಲಷ್ಟೇ ಇಲ್ಲ, ಬೇರಿನಲ್ಲೂ ಇದೆ. ಹೂ ಬಿಡುವ ಹೊತ್ತಿಗೆ ಅವರೆ ಗಿಡವನ್ನು ಮಣ್ಣುಸಮೇತ ಎಬ್ಬಿಸಿ ಬೇರು ತೊಳೆದರೆ ಸಣ್ಣ ಗಂಟುಗಳು ಕಾಣುತ್ತವೆ. ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪಿದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ. ಆ ಬಣ್ಣ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ಒಂದು ಪ್ರೋಟೀನಿನದು. ಗಂಟಿನೊಳಗಿನ ಬ್ಯಾಕ್ಟೀರಿಯಾಕ್ಕೆ ಗಿಡ ಸಕ್ಕರೆಯ ಅಂಶ ಒದಗಿಸುತ್ತದೆ, ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡುತ್ತದೆ. ಬೇರು, ಉದುರೆಲೆ ಕೊಳೆತ ಮೇಲೆ ಆ ಸಾರಜನಕದ ಒಂದು ಪಾಲು ಮುಂದಿನ ಬೆಳೆಗೂ ಸಿಗುತ್ತದೆ.

ಜರ್ಮನಿಯ ವಿಜ್ಞಾನಿಗಳಾದ ಹೆಲ್‌ರೀಗಲ್ ಮತ್ತು ವಿಲ್‌ಫಾರ್ಥ್ ಗಂಟಿನ ಈ ಗುಟ್ಟನ್ನು ಬಿಡಿಸಿದ್ದು 1880ರ ದಶಕದಲ್ಲಿ. 1888ರಲ್ಲಿ ಹಾಲೆಂಡಿನ ಬೈಜರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ. ಬೆಂಗಳೂರು ಸೀಮೆಯ ರೈತರು ಅದಕ್ಕೂ ಬಹಳ ಮೊದಲೇ ಅನುಭವದಿಂದ ಇದೇ ದಾರಿ ಹಿಡಿದಿದ್ದರು. ಇದು ಸಣ್ಣ ಸಾಧನೆಯಲ್ಲ.

1948ರಲ್ಲಿ ಜಯನಗರದ ನಿರ್ಮಾಣ ಶುರುವಾಯಿತು. ಮುಂದಿನ ದಶಕಗಳಲ್ಲಿ ಸುತ್ತಲ ಹೊಲಗಳು ಒಂದೊಂದಾಗಿ ನಿವೇಶನಗಳಾದವು. ಚಳಿಗಾಲದ ಸೊಗಡಿನ ಅವರೆ ಈಗ ಈ ಬಡಾವಣೆಗಳಿಗೆ ಮಾಗಡಿಯಂಥ ಕಡೆಗಳಿಂದ ಬರುತ್ತದೆ. 1964ರಲ್ಲಿ ಆರಂಭವಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಅಕ್ಕಡಿಯನ್ನು ಕೈಬಿಡಲಿಲ್ಲ; ರಾಗಿಯೊಡನೆ ಅವರೆ, ತೊಗರಿ ಬಿತ್ತಲು ಇಂದಿಗೂ ಶಿಫಾರಸು ಮಾಡುತ್ತದೆ. ದ್ವಿದಳ ಬೀಜಕ್ಕೆ ಗಂಟಿನ ಬ್ಯಾಕ್ಟೀರಿಯಾವಾದ ರೈಜೋಬಿಯಂನ ಪುಡಿಯನ್ನು ಬೆಲ್ಲದ ನೀರಿನ ಅಂಟಿನಲ್ಲಿ ಸವರಿ, ನೆರಳಲ್ಲಿ ಆರಿಸಿ ಬಿತ್ತುತ್ತಾರೆ. ಬಿಸಿಲಿಗೆ ಹಾಕಿದರೆ ಜೀವಾಣು ಸಾಯುತ್ತದೆ. ರಾಗಿ ಬೀಜಕ್ಕೆ ಹಚ್ಚುವುದು ಅಜೋಸ್ಪಿರಿಲಂ ಎಂಬ ಬೇರೊಂದು ಬ್ಯಾಕ್ಟೀರಿಯಾ.

ಗಂಟು ಕಟ್ಟದ ರಾಗಿಯ ಬೇರಿನೊಳಗೂ ಬ್ಯಾಕ್ಟೀರಿಯಾ ನೆಲೆಸಿರುತ್ತದೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಅಂಥ ಒಂದರ ಕೆಲಸವನ್ನು ವಿವರಿಸಿದರು. ರೋಗ ತರುವ ಫ್ಯುಸೇರಿಯಂ ಶಿಲೀಂಧ್ರ ಹತ್ತಿರ ಬಂದರೆ ಆ ಬ್ಯಾಕ್ಟೀರಿಯಾ ಬೇರುರೋಮಗಳ ಬಳಿ ಗುಂಪುಗೂಡುತ್ತದೆ. ರೋಮಗಳೂ ದಟ್ಟವಾಗಿ ಬೆಳೆಯುತ್ತವೆ. ಶಿಲೀಂಧ್ರ ಆ ಅಡ್ಡಗಟ್ಟೆಯಲ್ಲಿ ಸಿಕ್ಕಿ ಸಾಯುತ್ತದೆ.