ಮೆದುಳಿನ ಗಡ್ಡೆ: ವಂಶವಾಹಿ ಹೇಳುವುದೇನು?

ಜೀನ್ ಎಂಬುದನ್ನು ನಾವು ಕನ್ನಡದಲ್ಲಿ ವಂಶವಾಹಿ ಎನ್ನುತ್ತೇವೆ. ಪದ ಚೆನ್ನಾಗಿಯೇ ಇದೆ. ಆದರೆ ಮೆದುಳಿನ ಗಡ್ಡೆಯ ವಿಷಯದಲ್ಲಿ ಅದು ನಮ್ಮನ್ನು ದಾರಿ ತಪ್ಪಿಸುತ್ತದೆ. ಜಮಖಂಡಿ ತಾಲೂಕಿನ ಹುನ್ನೂರದಂತಹ ಊರಿನಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೆ ರೋಗಿಯನ್ನು ಕರೆತಂದ ಮನೆಯವರಿಗೆ ‘ಗಡ್ಡೆಯ ವಂಶವಾಹಿ ಬದಲಾಗಿದೆ’ ಎಂದು ಹೇಳಿದರೆ ಅವರೇನು ತಿಳಿದುಕೊಂಡಾರು? ರೋಗ ಮನೆತನದ್ದು, ಮಕ್ಕಳಿಗೂ ಬಂದೀತು ಎಂದೇ. ಈ ಅನುಮಾನ ಮಗಳ ಮದುವೆಯ ಮಾತುಕತೆಯವರೆಗೂ ಹೋಗಬಲ್ಲದು. ಆದರೆ ಈ ಸಂಶೋಧನೆಯ ಇತಿಹಾಸ ಹೇಳುವುದೇ ಬೇರೆ.

1926ರಲ್ಲಿ ಅಮೆರಿಕದ ಪರ್ಸಿವಲ್ ಬೈಲಿ ಮತ್ತು ಹಾರ್ವೆ ಕುಶಿಂಗ್ ಅವರು ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳ ರೂಪ ನೋಡಿ ಗ್ಲಿಯೋಮಾ ಗಡ್ಡೆಗಳನ್ನು ವಿಂಗಡಿಸಿದರು. ಮುಂದೆ ಹಲವು ದಶಕ ವೈದ್ಯರು ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆದರು. ಆದರೂ ಒಂದು ಪ್ರಶ್ನೆ ಉಳಿಯಿತು. ನೋಡಲು ಒಂದೇ ಬಗೆಯ ಗಡ್ಡೆಯಿದ್ದ ಇಬ್ಬರಲ್ಲಿ ಒಬ್ಬರು ಬೇಗ ತೀರಿಕೊಂಡು, ಇನ್ನೊಬ್ಬರು ವರ್ಷಗಟ್ಟಲೆ ಬದುಕುವುದೇಕೆ?

2008ರಲ್ಲಿ ಅಮೆರಿಕದ ವಿಜ್ಞಾನಿಗಳು ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಗಡ್ಡೆಗಳಲ್ಲಿ ಕೆಲವುಗಳಲ್ಲಿ ಐಡಿಎಚ್1 ಎಂಬ ವಂಶವಾಹಿ ಬದಲಾಗಿರುವುದನ್ನು ಕಂಡರು. ಮರುವರ್ಷದ ಅಧ್ಯಯನವೊಂದರಲ್ಲಿ ಇಂತಹ ಬದಲಾವಣೆ ಇದ್ದವರಲ್ಲಿ ಅರ್ಧದಷ್ಟು ಜನ 31 ತಿಂಗಳಿಗಿಂತ ಹೆಚ್ಚು ಬದುಕಿದ್ದರು. ಬದಲಾವಣೆ ಇಲ್ಲದವರಲ್ಲಿ ಈ ಅವಧಿ 15 ತಿಂಗಳು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ವರ್ಗೀಕರಣದಲ್ಲಿ ವಂಶವಾಹಿಯ ಗುರುತುಗಳನ್ನೂ ಸೇರಿಸಿತು. 2021ರಿಂದ ಐಡಿಎಚ್ ಬದಲಾದ ಗಡ್ಡೆಯನ್ನು ಗ್ಲಿಯೋಬ್ಲಾಸ್ಟೋಮಾ ಎಂದು ಕರೆಯುವುದನ್ನೇ ಬಿಡಲಾಯಿತು.

ಈ ಇತಿಹಾಸದಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ, ನಿಮ್ಹಾನ್ಸ್‌ನ ರೋಗಶಾಸ್ತ್ರಜ್ಞೆ ವಾಣಿ ಸಂತೋಷ್ ಮೊದಲಾದವರ ತಂಡ 2013ರಲ್ಲಿ ಗ್ಲಿಯೋಬ್ಲಾಸ್ಟೋಮಾ ರೋಗಿಗಳನ್ನು ಹೆಚ್ಚು ಅಪಾಯದವರು, ಕಡಿಮೆ ಅಪಾಯದವರು ಎಂದು ಬೇರ್ಪಡಿಸಬಲ್ಲ 14 ವಂಶವಾಹಿಗಳ ಗುರುತನ್ನು ಪ್ರಕಟಿಸಿತು. ಇಂತಹ ಸಂಶೋಧನೆಗೆ ಆಧಾರ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಣುಕುಗಳು. ಅಂದರೆ ಈ ಜ್ಞಾನದ ಹಿಂದೆ ರೋಗಿಗಳ ಕೊಡುಗೆಯೂ ಇದೆ.

ಇಲ್ಲಿ ಎರಡು ಸಂಗತಿಗಳನ್ನು ನಾವು ಮರೆಯಬಾರದು. ಒಂದು, ಈ ಬದಲಾವಣೆಗಳು ಬಹುಪಾಲು ಗಡ್ಡೆಯ ಜೀವಕೋಶಗಳಲ್ಲಿ ಮಾತ್ರ ಹುಟ್ಟಿಕೊಂಡಂಥವು. ಅವು ತಂದೆತಾಯಿಯಿಂದ ಬಂದವಲ್ಲ, ಮಕ್ಕಳಿಗೆ ಹೋಗುವವೂ ಅಲ್ಲ. ನ್ಯೂರೋಫೈಬ್ರೊಮಟೋಸಿಸ್‌ನಂತಹ ಕೆಲವು ವಿರಳ ಕಾಯಿಲೆಗಳಲ್ಲಷ್ಟೇ ಗಡ್ಡೆಯ ಸಾಧ್ಯತೆ ವಂಶದಲ್ಲಿ ಹರಿದುಬರುತ್ತದೆ. ಎರಡು, 15 ತಿಂಗಳು ಎಂಬುದು ಯಾರೊಬ್ಬರಿಗೂ ಬರೆದಿಟ್ಟ ಗಡುವಲ್ಲ. ಅರ್ಧದಷ್ಟು ಜನ ಅದನ್ನು ದಾಟಿದ್ದಾರೆ ಎಂಬುದೂ ಅದೇ ಅಂಕಿಯ ಅರ್ಥ.

ವಂಶವಾಹಿ ಪರೀಕ್ಷೆಯ ವರದಿ ಇಂದು ಆಸ್ಪತ್ರೆಯಿಂದ ಹಳ್ಳಿಯ ಮನೆಗೂ ಬರುತ್ತಿದೆ. ಅದರ ಜೊತೆಗೆ ಈ ಎರಡು ಮಾತುಗಳೂ ಅವರದೇ ಭಾಷೆಯಲ್ಲಿ ಬರಬೇಕು. ಇಲ್ಲವಾದರೆ ರೋಗಿಯ ಆಯಸ್ಸು ಅಳೆಯಲು ಹೊರಟ ವಿಜ್ಞಾನ, ಅರಿವಿಲ್ಲದೆಯೇ ಆತನ ಮಕ್ಕಳ ಬದುಕಿಗೆ ಕಳಂಕ ಹಚ್ಚಿದಂತಾಗುತ್ತದೆ.